ಅಲ್-ಹಿಲಾಲ್ ಪತ್ರಿಕೆಯ ಠೇವಣಿ ಮತ್ತು ನಮ್ಮ ನಾಲಿಗೆಯ ಅಮಾನತ್



ಕೆಲವು ವಾರಗಳ ಹಿಂದೆ ಜುಮಾ ಖುತ್ಬಾದಲ್ಲಿ ನಾವು ಸಾಕ್ಷ್ಯ ನುಡಿಯುವುದರ ಬಗ್ಗೆ ಮಾತಾಡಿದ್ದೆವು. ತಿಳಿದಿರುವ ಸತ್ಯವನ್ನು ಬಚ್ಚಿಡುವವನ ಹೃದಯವೇ ಪಾಪಿ ಎಂಬ ಅರ್ಥದ ಅಲ್-ಬಕರಃ ಅಧ್ಯಾಯದ ಎಚ್ಚರಿಕೆಯನ್ನು ನೆನಪಿಸಿದ್ದೆವು. ನಮಾಝ್ ಮುಗಿದು ಜನ ಚದುರಿದ ಮೇಲೆ ಕಾಲೇಜಿಗೆ ಹೋಗುವ ಹುಡುಗನೊಬ್ಬ ಹತ್ತಿರ ಬಂದ. "ಹಝ್ರತ್, ಮಾತಾಡೋ ಸ್ವಾತಂತ್ರ್ಯ, ಪತ್ರಿಕಾ ಸ್ವಾತಂತ್ರ್ಯ ಅಂತೆಲ್ಲ ಹೇಳ್ತಾರಲ್ಲ, ಅದು ಇಂಗ್ಲಿಷರ ಕಡೆಯಿಂದ ಬಂದಿದ್ದಲ್ವಾ? ನಮ್ಮ ಉಲಮಾಗಳಿಗೂ ಅದಕ್ಕೂ ಏನು ಸಂಬಂಧ?" ಎಂದು ಕೇಳಿದ.

ಅಂದು ನಿಂತಲ್ಲೇ ಎರಡು ಮಾತು ಹೇಳಿ ಕಳಿಸಿದೆವು. ಮನೆಗೆ ಬಂದ ಮೇಲೆ ಆ ಉತ್ತರ ಸಾಲದು ಅನಿಸಿತು. ಇಂಗ್ಲಿಷರ ಆಡಳಿತವು ಈ ದೇಶದ ಬಾಯಿಗೆ ಬೀಗ ಹಾಕಿದಾಗ ಆ ಬೀಗದ ವಿರುದ್ಧ ನಿಂತು ಬೆಲೆ ತೆತ್ತವರಲ್ಲಿ ನಮ್ಮ ಆಲಿಮರೂ ಇದ್ದರು. ಅವರಲ್ಲಿ ಒಬ್ಬರ ಕಥೆಯನ್ನಾದರೂ ನಮ್ಮ ಮಕ್ಕಳು ಪೂರ್ತಿಯಾಗಿ ತಿಳಿದಿರಬೇಕು.

ಅವರೇ ಮೌಲಾನಾ ಅಬುಲ್ ಕಲಾಂ ಆಝಾದ್. 1888ರಲ್ಲಿ ಪವಿತ್ರ ಮಕ್ಕಾದಲ್ಲಿ ಹುಟ್ಟಿ ಕಲ್ಕತ್ತಾದಲ್ಲಿ ಬೆಳೆದವರು. ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಅರಬಿ, ಫಾರ್ಸಿ, ಫಿಕ್ಹ್, ತರ್ಕ ಎಲ್ಲವನ್ನೂ ಮನೆಯಲ್ಲೇ ತಂದೆಯಿಂದ ಹಾಗೂ ಉಸ್ತಾದರಿಂದ ಕಲಿತರು. 1912ರ ಜುಲೈ 13ರಂದು ಅವರು ಕಲ್ಕತ್ತಾದಿಂದ 'ಅಲ್-ಹಿಲಾಲ್' ಎಂಬ ಉರ್ದು ವಾರಪತ್ರಿಕೆಯನ್ನು ಆರಂಭಿಸಿದಾಗ ಅವರ ವಯಸ್ಸು 23. ಅಂದಿನ ಉರ್ದು ಪತ್ರಿಕೆಗಳು ಹೆಚ್ಚಾಗಿ ಕಾತಿಬರ ಕೈಬರಹವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿಕೊಳ್ಳುತ್ತಿದ್ದವು. ಅಲ್-ಹಿಲಾಲ್ ಅಚ್ಚುಮೊಳೆಗಳಲ್ಲಿ, ಚಿತ್ರಗಳ ಸಹಿತ ಹೊರಬಂತು. ಎರಡು ವರ್ಷಗಳೊಳಗೆ ವಾರಕ್ಕೆ 26 ಸಾವಿರ ಪ್ರತಿಗಳಷ್ಟು ಹೋಗುತ್ತಿತ್ತೆಂದು ಮೌಲಾನಾ ಅವರೇ ತಮ್ಮ ಆತ್ಮಕಥೆಯಲ್ಲಿ ಹೇಳಿದ್ದಾರೆ. ಒಬ್ಬ ಓದುವುದು, ಹತ್ತು ಮಂದಿ ಸುತ್ತ ಕುಳಿತು ಕೇಳುವುದು ಆ ಕಾಲದ ರೂಢಿ. ಅದನ್ನು ನೆನೆದರೆ ಆ ಮಾತು ಎಷ್ಟು ಮನೆಗಳಿಗೆ ತಲುಪಿರಬೇಕೆಂದು ಊಹಿಸಬಹುದು.

ಪತ್ರಿಕೆಯ ಮಾತು ಸ್ಪಷ್ಟವಾಗಿತ್ತು. ಮುಸ್ಲಿಮರು ಆಳುವವರ ಕೃಪೆಗೆ ಕಾಯುತ್ತಾ ಕೂರಬಾರದು, ಅಲ್ಲಾಹನನ್ನಲ್ಲದೆ ಇನ್ನಾರನ್ನೂ ಅಂಜಬಾರದು, ಹಿಂದೂ ಸಹೋದರರ ಜೊತೆಗೂಡಿ ದೇಶದ ಸ್ವಾತಂತ್ರ್ಯಕ್ಕಾಗಿ ದುಡಿಯಬೇಕು. ಸರಕಾರಕ್ಕೆ ಇದು ಹಿಡಿಸಲಿಲ್ಲ. ಸರಕಾರದ ಜೊತೆ ಚೆನ್ನಾಗಿದ್ದರೆ ಸಾಕು ಎನ್ನುತ್ತಿದ್ದ ನಮ್ಮವರಲ್ಲೇ ಕೆಲವು ದೊಡ್ಡವರಿಗೂ ಹಿಡಿಸಲಿಲ್ಲ.

ಈ ಹೊತ್ತಿಗೆ 1910ರ ಪತ್ರಿಕಾ ಕಾನೂನು ಜಾರಿಯಲ್ಲಿತ್ತು. ಅದು ಹೇಗೆ ಕೆಲಸ ಮಾಡುತ್ತಿತ್ತೆಂದು ಸ್ವಲ್ಪ ವಿವರವಾಗಿ ತಿಳಿಯಬೇಕು. ಆ ಕಾನೂನು ಮೊದಲಿಗೆ ಸಂಪಾದಕನನ್ನು ಜೈಲಿಗೆ ಕಳಿಸುತ್ತಿರಲಿಲ್ಲ. ಮುದ್ರಣಾಲಯ ಇಟ್ಟವನಿಂದ 500ರಿಂದ 2,000 ರೂಪಾಯಿಯವರೆಗೆ ಠೇವಣಿ ಕೇಳುತ್ತಿತ್ತು. ಅಚ್ಚಾದ ಯಾವುದೋ ಬರಹ ಸರಕಾರಕ್ಕೆ ಆಕ್ಷೇಪಾರ್ಹವೆಂದು ಕಂಡರೆ ಸಾಕು, ಠೇವಣಿ ಮುಟ್ಟುಗೋಲು. ಮತ್ತೆ ಪತ್ರಿಕೆ ನಡೆಸಬೇಕೆಂದರೆ ಈ ಬಾರಿ 1,000ದಿಂದ 10,000 ರೂಪಾಯಿಯವರೆಗೆ ಹೊಸ ಠೇವಣಿ. ಮತ್ತೊಮ್ಮೆ ತಪ್ಪು ಕಂಡಿತೆಂದರೆ ಠೇವಣಿಯ ಜೊತೆಗೆ ಮುದ್ರಣ ಯಂತ್ರವೂ ಹೋಯಿತು. ತೀರ್ಮಾನಿಸುವುದು ನ್ಯಾಯಾಲಯವಲ್ಲ, ಸರಕಾರ. ಹಣ ಹೋದ ಮೇಲೆ ಬೇಕಾದರೆ ಹೈಕೋರ್ಟಿಗೆ ಹೋಗಬಹುದಿತ್ತು. ಆದರೆ ಬರಹದಲ್ಲಿ ತಪ್ಪಿದೆ ಎಂದು ಸರಕಾರ ರುಜುವಾತು ಮಾಡಬೇಕಿರಲಿಲ್ಲ, ತಪ್ಪಿಲ್ಲ ಎಂದು ಮುದ್ರಕನೇ ರುಜುವಾತು ಮಾಡಬೇಕಿತ್ತು.

ಇದರ ಪರಿಣಾಮವನ್ನು ಯೋಚಿಸಿ. ಹತ್ತು ಪತ್ರಿಕೆಗಳ ಠೇವಣಿ ಹೋದರೆ ನೂರು ಪತ್ರಿಕೆಗಳ ಸಂಪಾದಕರು ತಾವೇ ತಮ್ಮ ಸಾಲುಗಳನ್ನು ಹೊಡೆದುಹಾಕುತ್ತಾರೆ. ಪೊಲೀಸರು ಬರಬೇಕಾಗಿಯೇ ಇಲ್ಲ. ಮನೆಯಲ್ಲಿ ಹೆಂಡತಿ ಮಕ್ಕಳಿದ್ದಾರೆ, ಮುದ್ರಣಾಲಯದ ಮೇಲೆ ಸಾಲವಿದೆ ಎನ್ನುವ ಚಿಂತೆಯೇ ಪೊಲೀಸರ ಕೆಲಸ ಮಾಡುತ್ತದೆ. ಬಾಯಿ ಮುಚ್ಚಿಸುವ ಎಲ್ಲ ವ್ಯವಸ್ಥೆಗಳ ಗುಟ್ಟು ಇದೇ.

ಈ ಕಾನೂನಿನ ಅನ್ಯಾಯವನ್ನು ಒಬ್ಬ ಇಂಗ್ಲಿಷ್ ನ್ಯಾಯಾಧೀಶರೇ ಬಯಲು ಮಾಡಿದರು. 'ಕಾಮ್ರೇಡ್' ಪತ್ರಿಕೆಯ ಸಂಪಾದಕ ಮೌಲಾನಾ ಮುಹಮ್ಮದ್ ಅಲಿ ಜೌಹರ್ ಅವರ ಬಳಿಯಿದ್ದ ಒಂದು ಕಿರುಪುಸ್ತಕವನ್ನು ಸರಕಾರ ಮುಟ್ಟುಗೋಲು ಹಾಕಿಕೊಂಡಿತ್ತು. ಬಾಲ್ಕನ್ ಯುದ್ಧದಲ್ಲಿ ಮ್ಯಾಸಿಡೋನಿಯಾದ ಮುಸ್ಲಿಮರ ಮೇಲೆ ನಡೆದ ದೌರ್ಜನ್ಯಗಳನ್ನು ಹೇಳುವ ಪುಸ್ತಕ ಅದು. 1913ರಲ್ಲಿ ಪ್ರಕರಣ ಕಲ್ಕತ್ತಾ ಹೈಕೋರ್ಟಿಗೆ ಹೋಯಿತು. ಮುಖ್ಯ ನ್ಯಾಯಮೂರ್ತಿ ಸರ್ ಲಾರೆನ್ಸ್ ಜೆಂಕಿನ್ಸ್ ಅವರು ಪರಿಹಾರ ಕೊಡಲಿಲ್ಲ, ಏಕೆಂದರೆ ಕಾನೂನು ಅವರ ಕೈ ಕಟ್ಟಿತ್ತು. ಆದರೆ ಈ ಕಾನೂನಿನ ಬಲೆ ಎಷ್ಟು ಅಗಲವಾಗಿದೆಯೆಂದರೆ ಒಳ್ಳೆಯ ಸಾಹಿತ್ಯವೂ ಅದರಲ್ಲಿ ಸಿಕ್ಕಿಬೀಳಬಹುದು, ಅರ್ಜಿದಾರನ ಮೇಲೆ ಹೊರಿಸಿದ ಹೊರೆ ಹೊರಲಾಗದಂಥದ್ದು ಎಂಬ ಅಭಿಪ್ರಾಯವನ್ನು ತೀರ್ಪಿನಲ್ಲೇ ದಾಖಲಿಸಿದರು. ಪುಸ್ತಕ ಹೋದರೂ ಮುಹಮ್ಮದ್ ಅಲಿಯವರ ಮಾನಕ್ಕೆ ಕುಂದಿಲ್ಲ ಎಂದೂ ಹೇಳಿದರು. ನ್ಯಾಯದ ಮಾತು ಯಾರ ಬಾಯಿಂದ ಬಂದರೂ ಅದನ್ನು ಗುರುತಿಸಿ ಗೌರವಿಸುವುದು ನಮ್ಮ ಧರ್ಮ.

ಅದೇ 1913ರಲ್ಲಿ ಕಾನ್ಪುರದ ಮಛ್ಲಿ ಬಜಾರ್ ಮಸೀದಿಯ ವುಝೂ ಮಾಡುವ ಭಾಗವನ್ನು ರಸ್ತೆಗಾಗಿ ಕೆಡವಲಾಯಿತು. ಆಗಸ್ಟ್ 3ರಂದು ಅಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಸಾವುಗಳಾದವು. ಸರಕಾರದ ಹೇಳಿಕೆಯೊಂದೇ ಇದ್ದಿದ್ದರೆ ಅದು 'ದೊಂಬಿ' ಎಂಬ ಒಂದು ಪದದಲ್ಲಿ ಮುಗಿದುಹೋಗುತ್ತಿತ್ತು. ಅಲ್-ಹಿಲಾಲ್ ಮತ್ತು ಇತರ ಪತ್ರಿಕೆಗಳು ಸುಮ್ಮನಿರಲಿಲ್ಲ. ದೇಶವಿಡೀ ಮಾತಾಯಿತು. ಅಕ್ಟೋಬರಿನಲ್ಲಿ ವೈಸರಾಯ್ ಹಾರ್ಡಿಂಜ್ ಸ್ವತಃ ಕಾನ್ಪುರಕ್ಕೆ ಬಂದು ರಾಜಿ ಮಾಡಿಸಬೇಕಾಯಿತು. ಬಂಧಿತರ ಬಿಡುಗಡೆಯಾಯಿತು. ಮುದ್ರಿತ ಮಾತಿಗೆ ಇರುವ ಬಲ ಇದು.

ಆ ಬಲಕ್ಕೆ ಬೆಲೆಯೂ ಇತ್ತು. ಅದೇ ವರ್ಷ ಅಲ್-ಹಿಲಾಲ್‌ನಿಂದ 2,000 ರೂಪಾಯಿ ಠೇವಣಿ ಕೇಳಲಾಯಿತು. ಮೌಲಾನಾ ಕಟ್ಟಿದರು, ಬರೆಯುವುದನ್ನು ಬದಲಿಸಲಿಲ್ಲ. ಮಹಾಯುದ್ಧ ಆರಂಭವಾದ 1914ರಲ್ಲಿ ಆ ಠೇವಣಿ ಮುಟ್ಟುಗೋಲಾಯಿತು. ಸರಕಾರ 10,000 ರೂಪಾಯಿ ಕೇಳಿತು. ಆ ವರ್ಷದ ನವೆಂಬರಿನಲ್ಲಿ ಅಲ್-ಹಿಲಾಲ್ ನಿಂತಿತು. ಒಂದು ವರ್ಷದ ನಂತರ, 1915ರ ನವೆಂಬರಿನಲ್ಲಿ, ಅವರು 'ಅಲ್-ಬಲಾಗ್' ಎಂಬ ಹೊಸ ಹೆಸರಿನಲ್ಲಿ ಮತ್ತೆ ಪತ್ರಿಕೆ ತಂದರು. ಈಗ ಸರಕಾರ ಪತ್ರಿಕೆಯನ್ನು ಬಿಟ್ಟು ಮನುಷ್ಯನನ್ನೇ ಹಿಡಿಯಿತು. 1916ರಲ್ಲಿ ಬಂಗಾಳದಿಂದ ಹೊರಹಾಕಿತು. ಪಂಜಾಬ್, ದೆಹಲಿ, ಸಂಯುಕ್ತ ಪ್ರಾಂತ್ಯ, ಮುಂಬಯಿ ಪ್ರಾಂತ್ಯಗಳು ಅವರಿಗೆ ಮೊದಲೇ ಬಾಗಿಲು ಮುಚ್ಚಿದ್ದವು. ಉಳಿದದ್ದು ಬಿಹಾರ. ಅವರು ರಾಂಚಿಗೆ ಹೋದರು. ಕೆಲವೇ ತಿಂಗಳಲ್ಲಿ ಅಲ್ಲಿಯೇ ದಿಗ್ಬಂಧನದಲ್ಲಿಟ್ಟರು. ಬಿಡುಗಡೆಯಾದದ್ದು 1920ರ ಜನವರಿ 1ರಂದು.

ರಾಂಚಿಯ ಈ ವರ್ಷಗಳು ಮಿಂಬರ್ ಮೇಲೆ ನಿಲ್ಲುವ ನಮ್ಮಂಥವರಿಗೆ ದೊಡ್ಡ ಪಾಠ. ಪತ್ರಿಕೆ ಹೋಗಿತ್ತು. ಖುತ್ಬಾ ಉಳಿದಿತ್ತು. ಮೌಲಾನಾ ರಾಂಚಿಯ ಜಾಮಿಯಾ ಮಸೀದಿಯಲ್ಲಿ ಶುಕ್ರವಾರ ಮಾತಾಡಿದರು, ಅಲ್ಲಿ ಒಂದು ಮದ್ರಸಾ ಕಟ್ಟಿಸಿದರು. ಮುಸ್ಲಿಮೇತರರು ಮಸೀದಿಯೊಳಗೆ ಬಂದು ಕೂರಬಹುದೇ ಎಂಬ ಪ್ರಶ್ನೆ ಆ ಕಾಲದಲ್ಲಿ ಎದ್ದಾಗ, ಬರಬಹುದೆಂದು ಪ್ರಮಾಣಗಳ ಸಹಿತ 'ಜಾಮಿಉಶ್ಶವಾಹಿದ್' ಎಂಬ ಕೃತಿಯನ್ನೇ ಬರೆದರು. 1919ರಲ್ಲಿ ದೆಹಲಿಯ ಜಾಮಾ ಮಸೀದಿಯಲ್ಲಿ ಸ್ವಾಮಿ ಶ್ರದ್ಧಾನಂದರು ನಿಂತು ಮಾತಾಡಿದ ಕಾಲ ಅದು. ತನ್ನ ಬಾಯಿಗೆ ಬೀಗ ಬಿದ್ದಾಗ ಆ ಆಲಿಮ್ ಮಾಡಿದ್ದು ಏನು? ಇನ್ನೊಬ್ಬರಿಗೆ ತಮ್ಮ ಮನೆಯ ಬಾಗಿಲು ತೆರೆದದ್ದು.

ಇದೇ ಸಮಯದಲ್ಲಿ ಪೊಲೀಸರು ಅವರ ಕುರ್‌ಆನ್ ಅನುವಾದ ಮತ್ತು ತಫ್ಸೀರಿನ ಹಸ್ತಪ್ರತಿಗಳನ್ನೂ ಹೊತ್ತೊಯ್ದರು. ವರ್ಷಗಳ ದುಡಿಮೆ ಹಾಳಾಯಿತು. ಅವರು ಮತ್ತೆ ಕುಳಿತು ಬರೆದರು. ಇಂದು ನಾವು ಓದುವ 'ತರ್ಜುಮಾನುಲ್ ಕುರ್‌ಆನ್' ಹೀಗೆ ಎರಡನೇ ಸಲ ಬರೆದು ಉಳಿಸಿಕೊಂಡ ಗ್ರಂಥ. ಮಾತಿನ ಮೇಲೆ ನಿರ್ಬಂಧ ಹಾಕುವವರು ರಾಜಕೀಯದಲ್ಲೇ ನಿಲ್ಲುತ್ತಾರೆ, ನಮ್ಮ ದೀನಿನ ಪುಸ್ತಕಗಳವರೆಗೆ ಬರುವುದಿಲ್ಲ ಎಂದು ನಂಬುವವರು ಇದನ್ನು ನೆನಪಿಡಬೇಕು.

ಆಝಾದರು ಒಬ್ಬರೇ ಅಲ್ಲ. ಅವರಿಗಿಂತ ಮೊದಲು 'ದೆಹಲಿ ಉರ್ದು ಅಖ್ಬಾರ್' ಪತ್ರಿಕೆಯ ಮೌಲವಿ ಮುಹಮ್ಮದ್ ಬಾಕಿರ್ ಅವರನ್ನು 1857ರ ಸೆಪ್ಟೆಂಬರಿನಲ್ಲಿ ಬ್ರಿಟಿಷರು ಕೊಂದರು. ಮೌಲಾನಾ ಹಸ್ರತ್ ಮೊಹಾನಿಯವರು 1908ರಲ್ಲಿ ಈಜಿಪ್ಟಿನ ಬ್ರಿಟಿಷ್ ನೀತಿಯನ್ನು ಟೀಕಿಸಿದ ಲೇಖನವನ್ನು ತಮ್ಮ 'ಉರ್ದೂ-ಎ-ಮುಅಲ್ಲಾ' ಪತ್ರಿಕೆಯಲ್ಲಿ ಹೆಸರಿಲ್ಲದೆ ಪ್ರಕಟಿಸಿದ್ದರು. ಬರೆದವರ ಹೆಸರು ಹೇಳಲು ಒಪ್ಪಲಿಲ್ಲ. ಹೊಣೆಯನ್ನು ತಮ್ಮ ಮೇಲೆ ಹೊತ್ತು ಜೈಲಿಗೆ ಹೋಗಿ ಬೀಸುಕಲ್ಲು ಬೀಸಿದರು. ಅದೇ 1908ರಲ್ಲಿ 'ಕೇಸರಿ'ಯ ಬರಹಗಳಿಗಾಗಿ ಬಾಲಗಂಗಾಧರ ತಿಲಕರಿಗೆ ಆರು ವರ್ಷ ಶಿಕ್ಷೆಯಾಗಿ ಮಂಡಾಲೆಗೆ ಕಳಿಸಿದರು. ಅದೇ ವರ್ಷ ನಮ್ಮ ಮೈಸೂರು ಸಂಸ್ಥಾನದಲ್ಲೂ ಪತ್ರಿಕೆ ನಡೆಸಲು ಸರಕಾರದ ಅನುಮತಿ ಬೇಕೆನ್ನುವ ಕಾನೂನು ಬಂತು. 'ತಾತಯ್ಯ' ಎಂದೇ ಜನ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಅದನ್ನು ಪ್ರತಿಭಟಿಸಿದರು. ಬೀಗ ಎಲ್ಲರ ಬಾಯಿಗೂ ಒಂದೇ ಆಗಿತ್ತು. ಅದನ್ನು ಒಡೆಯುವ ಹೋರಾಟವೂ ಎಲ್ಲರದ್ದೂ ಆಗಿತ್ತು.

1921ರ ಡಿಸೆಂಬರಿನಲ್ಲಿ ಮೌಲಾನಾ ಮತ್ತೆ ಬಂಧಿತರಾದರು. ಈ ಬಾರಿ ಕಲ್ಕತ್ತಾದಲ್ಲಿ ಮಾಡಿದ ಎರಡು ಭಾಷಣಗಳಿಗಾಗಿ, ದಂಡಸಂಹಿತೆಯ 124-ಎ ಕಲಮಿನಡಿ, ರಾಜದ್ರೋಹದ ಆರೋಪ. ನ್ಯಾಯಾಲಯದಲ್ಲಿ ಅವರು ಕೊಟ್ಟ ಲಿಖಿತ ಹೇಳಿಕೆ 'ಕೌಲೆ ಫೈಸಲ್' ಎಂಬ ಹೆಸರಿನಲ್ಲಿ ಪ್ರಸಿದ್ಧ. ನಾನು ಹಾಗೆ ಹೇಳಿಲ್ಲ ಎಂದು ಅವರು ತಪ್ಪಿಸಿಕೊಳ್ಳಲಿಲ್ಲ. ಹೇಳಿದ್ದೇನೆ, ಇನ್ನೂ ಹೇಳುತ್ತೇನೆ, ಜುಲ್ಮನ್ನು ಜುಲ್ಮ್ ಎಂದು ಕರೆಯುವುದು ಮುಸ್ಲಿಮನಾದವನ ಕರ್ತವ್ಯ ಎಂಬುದು ಅದರ ತಿರುಳು. 1922ರ ಫೆಬ್ರವರಿಯಲ್ಲಿ ಒಂದು ವರ್ಷದ ಕಠಿಣ ಶಿಕ್ಷೆಯಾಯಿತು. ಮರು ತಿಂಗಳು ಗಾಂಧೀಜಿಗೆ 'ಯಂಗ್ ಇಂಡಿಯಾ' ಲೇಖನಗಳಿಗಾಗಿ ಅದೇ ಕಲಮಿನಡಿ ಆರು ವರ್ಷ ಶಿಕ್ಷೆಯಾಯಿತು. ಅದೇ 1922ರಲ್ಲಿ 1910ರ ಪತ್ರಿಕಾ ಕಾನೂನು ರದ್ದಾಯಿತು. ಠೇವಣಿ ನುಂಗಿದ ಕಾನೂನು ಹೋಯಿತು, ಠೇವಣಿ ಕಳೆದುಕೊಂಡವರ ಮಾತು ಉಳಿಯಿತು.

ಇಲ್ಲಿಗೇ ನಿಲ್ಲಿಸಿದರೆ ಕೇಳುವುದಕ್ಕೆ ಹಿತ. ಆದರೆ ಇತಿಹಾಸವನ್ನು ನಮಗೆ ಬೇಕಾದಲ್ಲಿ ನಿಲ್ಲಿಸುವುದು ಪ್ರಾಮಾಣಿಕತೆಯಲ್ಲ.

ಸಂವಿಧಾನ ರಚನಾ ಸಭೆಯಲ್ಲಿ ಆಝಾದರೂ ಇದ್ದರು, ಹಸ್ರತ್ ಮೊಹಾನಿಯವರೂ ಇದ್ದರು. 1950ರಲ್ಲಿ ಸಂವಿಧಾನದ 19ನೇ ವಿಧಿ ಪ್ರತಿಯೊಬ್ಬ ನಾಗರಿಕನಿಗೂ ಮಾತಿನ ಸ್ವಾತಂತ್ರ್ಯ ಕೊಟ್ಟಿತು. ಅದೇ ವರ್ಷ ರೋಮೇಶ್ ಥಾಪರ್ ಅವರ ವಾರಪತ್ರಿಕೆಗೆ ಮದ್ರಾಸ್ ಸರಕಾರ ಹಾಕಿದ ನಿರ್ಬಂಧವನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಆಗ, 1951ರಲ್ಲಿ, ಸಂವಿಧಾನದ ಮೊದಲ ತಿದ್ದುಪಡಿ ಬಂತು. ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣಗಳಿಗಾಗಿಯೂ ಮಾತನ್ನು ನಿರ್ಬಂಧಿಸಬಹುದು ಎಂದಾಯಿತು. ಆ ನಿರ್ಬಂಧ 'ಸಮಂಜಸ'ವಾಗಿರಬೇಕು ಎಂಬ ಷರತ್ತನ್ನೂ ಸೇರಿಸಿದ್ದು ಸಮಾಧಾನದ ಸಂಗತಿ. ಆ ತಿದ್ದುಪಡಿ ತಂದ ಸಂಪುಟದಲ್ಲಿ ಮೌಲಾನಾ ಆಝಾದರು ಶಿಕ್ಷಣ ಸಚಿವರಾಗಿದ್ದರು. ಮೌಲಾನಾರನ್ನು ಶಿಕ್ಷಿಸಿದ 124-ಎ ಕಲಮು ಸ್ವತಂತ್ರ ಭಾರತದ ದಂಡಸಂಹಿತೆಯಲ್ಲೂ ಉಳಿಯಿತು. 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆಹಿಡಿಯಿತು. 2024ರ ಜುಲೈಯಲ್ಲಿ ಹಳೆಯ ಸಂಹಿತೆಯೇ ಹೋದಾಗ, ಹೊಸ ಸಂಹಿತೆಯ 152ನೇ ಕಲಮು ಅದರ ಜಾಗಕ್ಕೆ ಬಂತು.

ಮೌಲಾನಾರನ್ನು ಕುಗ್ಗಿಸಲು ನಾವು ಇದನ್ನು ಹೇಳುತ್ತಿಲ್ಲ. ದೇಶವಿಭಜನೆಯ ರಕ್ತ ಇನ್ನೂ ಒಣಗಿರದ ದಿನಗಳವು. ಆದರೆ ಒಂದು ಮಾತು ಸ್ಪಷ್ಟ. ಕಟಕಟೆಯಲ್ಲಿ ನಿಂತಾಗ ಸ್ವಾತಂತ್ರ್ಯ ಕೇಳುವುದು ಸುಲಭ. ಕುರ್ಚಿಯಲ್ಲಿ ಕುಳಿತಾಗ ಕೊಡುವುದು ಕಷ್ಟ. ಅತ್ಯುತ್ತಮ ಮನುಷ್ಯರಿಗೂ ಅದು ಕಷ್ಟ. ಆದ್ದರಿಂದಲೇ ಈ ಹಕ್ಕನ್ನು ಒಳ್ಳೆಯವರ ಭರವಸೆಯ ಮೇಲೆ ಬಿಡಲಾಗದು, ಎಲ್ಲರೂ ಕಾಯಬೇಕು.

ಇಸ್ಲಾಮಿನ ಮೊದಲ ಖಲೀಫಾ ಹಝ್ರತ್ ಅಬೂಬಕರ್(ರ) ಅಧಿಕಾರ ವಹಿಸಿದ ದಿನವೇ, ತಾನು ತಪ್ಪಿದರೆ ತಿದ್ದಿರೆಂದು ಜನರಿಗೆ ಹೇಳಿದರು. ಅಲ್-ಮುಜಾದಲಃ ಎಂಬ ಅಧ್ಯಾಯ ಆರಂಭವಾಗುವುದೇ ಒಬ್ಬ ಸಾಮಾನ್ಯ ಹೆಣ್ಣುಮಗಳು ತನ್ನ ಗಂಡನ ಬಗ್ಗೆ ಪ್ರವಾದಿವರ್ಯರ(ಸ) ಮುಂದೆ ವಾದಿಸಿದ್ದನ್ನು ಅಲ್ಲಾಹನು ಆಲಿಸಿದನು ಎಂಬ ಸಂಗತಿಯಿಂದ. ಅವಳಿಗೆ ಸುಮ್ಮನಿರು ಎನ್ನಲಾಗಲಿಲ್ಲ. ಅವಳ ದೂರಿಗೆ ಕಾನೂನಿನ ರೂಪದಲ್ಲಿ ಉತ್ತರ ಇಳಿಯಿತು.

ಈಗ ನಮ್ಮನ್ನೇ ಕೇಳಿಕೊಳ್ಳೋಣ. ನಮಗೆ ನೋವಾಗುವ ಮಾತು ಬಂದಾಗ ನಾವು ಏನು ಮಾಡಿದ್ದೇವೆ?

1986ರ ಡಿಸೆಂಬರಿನಲ್ಲಿ ಬೆಂಗಳೂರಿನ ಒಂದು ಇಂಗ್ಲಿಷ್ ದೈನಿಕದ ಭಾನುವಾರದ ಪುರವಣಿಯಲ್ಲಿ ಒಂದು ಸಣ್ಣಕಥೆ ಅಚ್ಚಾಯಿತು. ಅದರ ಶೀರ್ಷಿಕೆ ಮುಸ್ಲಿಮರ ಮನಸ್ಸಿಗೆ ತೀವ್ರ ನೋವುಂಟುಮಾಡಿತು. ಪತ್ರಿಕೆ ವಿಷಾದ ವ್ಯಕ್ತಪಡಿಸಿತು. ಆದರೂ ಬೆಂಗಳೂರು ಮತ್ತು ಮೈಸೂರುಗಳಲ್ಲಿ ಗಲಭೆಯಾಯಿತು, ಗೋಲಿಬಾರ್ ನಡೆಯಿತು, ಹತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ನಾವಾಗ ಚಿಕ್ಕ ಮಕ್ಕಳು. ಬಾಗಿಲು ಹಾಕಿಕೊಂಡು ಮನೆಯ ಹಿರಿಯರು ರೇಡಿಯೋ ಮುಂದೆ ಕುಳಿತಿದ್ದುದು ಮಾತ್ರ ನೆನಪಿದೆ. ಆ ನೋವು ನಿಜ. ಆದರೆ ಆ ಸಾವುಗಳಿಂದ ಪ್ರವಾದಿವರ್ಯರ(ಸ) ಗೌರವ ಹೆಚ್ಚಿತೇ? ಎಷ್ಟು ತಾಯಂದಿರ ಮಡಿಲು ಬರಿದಾಯಿತು ಎಂಬುದೊಂದೇ ಉಳಿದ ಲೆಕ್ಕ.

ಅಲ್ಲಾಹನ ವಚನಗಳನ್ನು ಗೇಲಿ ಮಾಡುವುದು ಕೇಳಿದಾಗ ಏನು ಮಾಡಬೇಕೆಂದು ಅನ್ನಿಸಾ ಅಧ್ಯಾಯದ 140ನೇ ವಚನ ತಿಳಿಸುತ್ತದೆ. ಅವರು ಬೇರೆ ಮಾತಿಗೆ ಹೊರಳುವವರೆಗೆ ಅವರ ಜೊತೆ ಕೂರಬೇಡಿ ಎಂಬುದು ಅದರ ಅರ್ಥ. ಎದ್ದು ಬನ್ನಿ ಎನ್ನುತ್ತದೆ, ಕಲ್ಲೆತ್ತಿಕೊಳ್ಳಿ ಎನ್ನುವುದಿಲ್ಲ. ಮಾತು ಬದಲಾದ ಮೇಲೆ ಮತ್ತೆ ಕೂರಲು ಅಡ್ಡಿಯಿಲ್ಲ ಎಂಬ ಸೂಚನೆಯೂ ಅದರಲ್ಲಿದೆ. ತಪ್ಪು ಬರಹಕ್ಕೆ ಉತ್ತರ ಬರೆಯಬಹುದು, ಸಂಪಾದಕರಿಗೆ ಪತ್ರ ಬರೆಯಬಹುದು, ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು, ನ್ಯಾಯಾಲಯಕ್ಕೆ ಹೋಗಬಹುದು. ಆಝಾದರು ಅನುಭವಿಸಿದ ಅವಮಾನ ಕಡಿಮೆಯದಲ್ಲ. ಅವರ ಕೈಯಲ್ಲಿದ್ದದ್ದು ಲೇಖನಿಯೊಂದೇ.

ಇನ್ನೊಂದು ಮಾತು. ಅವರು ಠೇವಣಿ ಕಳೆದುಕೊಂಡದ್ದು ಸತ್ಯ ಹೇಳುವ ಹಕ್ಕಿಗಾಗಿ, ಗಾಳಿಸುದ್ದಿ ಹಬ್ಬಿಸುವ ಹಕ್ಕಿಗಾಗಿ ಅಲ್ಲ. ಕಳೆದ ವರ್ಷ ನಮ್ಮ ಮೊಹಲ್ಲಾದ ಒಂದು ವಾಟ್ಸಾಪ್ ಗುಂಪಿನಲ್ಲಿ ಪಕ್ಕದ ಬೀದಿಯ ಒಬ್ಬ ಅಂಗಡಿಯವರ ಮೇಲೆ ಇಲ್ಲದ ಆರೋಪವೊಂದು ಹರಿದಾಡಿತು. ಅವರು ಬೇರೆ ಧರ್ಮದವರು. ಮೂರು ದಿನ ಅವರ ಅಂಗಡಿಗೆ ನಮ್ಮವರು ಕಾಲಿಡಲಿಲ್ಲ. ವಿಚಾರಿಸಿದಾಗ ಅದು ಬೇರೆ ಊರಿನ ಹಳೆಯ ವಿಡಿಯೋ ಎಂದು ತಿಳಿಯಿತು. ಜಮಾಅತಿನ ಹಿರಿಯರ ಜೊತೆ ನಾವೇ ಅವರ ಅಂಗಡಿಗೆ ಹೋಗಿ ಕ್ಷಮೆ ಕೇಳಿದೆವು. ಅವರು ಚಹಾ ತರಿಸಿಕೊಟ್ಟರು. ಆ ಚಹಾ ಕುಡಿಯುವಾಗ ನಮಗಾದ ನಾಚಿಕೆ ಇನ್ನೂ ಹೋಗಿಲ್ಲ. ಏಕೆಂದರೆ ಮೊದಲ ದಿನವೇ ಆ ವಿಡಿಯೋ ನಮ್ಮ ಫೋನಿಗೂ ಬಂದಿತ್ತು. ವಿಚಾರಿಸದೆ ಸುಮ್ಮನಿದ್ದೆವು. ಸುದ್ದಿ ಬಂದರೆ ಮೊದಲು ವಿಚಾರಿಸಿ, ಇಲ್ಲವಾದರೆ ಅರಿಯದೆ ಜನರಿಗೆ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪಪಡುತ್ತೀರಿ ಎಂಬ ಅಲ್-ಹುಜುರಾತ್ ಅಧ್ಯಾಯದ 6ನೇ ವಚನದ ಎಚ್ಚರಿಕೆಯನ್ನು ಎಷ್ಟು ಸಲ ಮಿಂಬರಿನಿಂದ ಹೇಳಿದ್ದೇವೋ! ಹೇಳಿದವರಿಗೇ ಅದು ಆ ದಿನ ನೆನಪಾಗಲಿಲ್ಲ.

ಆ ಹುಡುಗನಿಗೆ ನಮ್ಮ ಉತ್ತರ ಇಷ್ಟು. ಮಗನೇ, ಈ ಸ್ವಾತಂತ್ರ್ಯ ಹೊರಗಿನವರು ತಂದುಕೊಟ್ಟ ಉಡುಗೊರೆಯಲ್ಲ. ನಿನ್ನ ಹಿರಿಯರು ಮತ್ತು ಈ ದೇಶದ ಇತರ ಧರ್ಮಗಳ ಹಿರಿಯರು ಒಟ್ಟಾಗಿ ಕಟ್ಟಿದ ಠೇವಣಿ ಅದು. ಈಗ ಅದು ನಿನ್ನ ಕೈಯಲ್ಲಿರುವ ಅಮಾನತ್. ನಿನ್ನನ್ನು ಹೊಗಳುವವನ ಬಾಯಿ ಕಾಯಲು ಯಾರ ಹೋರಾಟವೂ ಬೇಕಿಲ್ಲ. ನಿನ್ನೊಂದಿಗೆ ಒಪ್ಪದವನ ಬಾಯಿ ಮುಚ್ಚಿಸುವಾಗ ನೀನು ಬೇಡ ಎಂದರೆ ಅದೇ ಅಮಾನತಿನ ಕಾವಲು. ಒಂದು ಒಳ್ಳೆಯ ಪತ್ರಿಕೆಗೆ ಚಂದಾ ಕಟ್ಟು. ಸುಳ್ಳನ್ನು ಮುಂದೆ ಕಳಿಸಬೇಡ. ಜುಲ್ಮ್ ಕಂಡರೆ ಬಲಿಯಾದವನ ಹೆಸರು, ಧರ್ಮ ಕೇಳುವ ಮೊದಲು ಮಾತಾಡು. ಮಾತು ನಮ್ಮವರ ತಪ್ಪಿನ ಬಗ್ಗೆ ಇದ್ದರೂ ಸರಿಯೇ. ನ್ಯಾಯಕ್ಕಾಗಿ ತಮ್ಮ ವಿರುದ್ಧವೂ ಸಾಕ್ಷಿ ನುಡಿಯಬೇಕೆಂದು ಅನ್ನಿಸಾ ಅಧ್ಯಾಯವೇ ನಮಗೆ ಆದೇಶಿಸಿದೆ.

ಅಲ್ಲಾಹನು ನಮ್ಮ ನಾಲಿಗೆಗೆ ಸತ್ಯವನ್ನೂ, ನಮ್ಮ ಹೃದಯಕ್ಕೆ ಅದನ್ನು ಹೇಳುವ ಧೈರ್ಯವನ್ನೂ, ಇನ್ನೊಬ್ಬರ ಸತ್ಯವನ್ನು ಕೇಳಿಸಿಕೊಳ್ಳುವ ಸಹನೆಯನ್ನೂ ಕರುಣಿಸಲಿ. ಆಮೀನ್.